ಕಾವೇರಿಗೆ ಕಡ ತಂದ ಎಂಟು ಊರು

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಲ್ಲಿ ಮನೆ ಕಂದಾಯ ಕಟ್ಟುವವರು ಬರೀ ಕಂದಾಯ ಕಟ್ಟುವುದಿಲ್ಲ. ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳಂತೆ ಇಲ್ಲಿಯೂ ಅದರ ಬಾಲಕ್ಕೆ ನಾಲ್ಕು ಕರಗಳು ಅಂಟಿಕೊಂಡಿವೆ: ಆರೋಗ್ಯ ಕರ ನೂರಕ್ಕೆ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಸಾವಿರ ರೂಪಾಯಿ ಕಂದಾಯವಿದ್ದರೆ ಮೇಲೆ 340 ರೂಪಾಯಿ. ಗ್ರಂಥಾಲಯದ ಪಾಲಿಗೆ 1965ರ ಕಾಯ್ದೆಯ ಬಲವಿದೆ, ಭಿಕ್ಷುಕರದಕ್ಕೆ 1975ರದು. ಇಂಥ ಕೆಲಸಕ್ಕೇ ಇಷ್ಟು ಎಂದು ಹೆಸರಿಟ್ಟು ಎತ್ತುವ ತೆರಿಗೆ ನಮ್ಮ ಹಳ್ಳಿಗಳಿಗೆ ಹೊಸತೇನಲ್ಲ.

ಕಷ್ಟ ಇರುವುದು ಬೇರೆ ಕಡೆ. ಕರ ವರ್ಷವರ್ಷ ಚಿಲ್ಲರೆಯಾಗಿ ಬರುತ್ತದೆ. ಕುಡಿಯುವ ನೀರಿನ ಕೊಳವೆಗೋ ಒಳಚರಂಡಿಗೋ ಕೋಟಿಗಳು ಒಂದೇ ಸಲಕ್ಕೆ ಬೇಕು. ಮುಂದಿನ ಹದಿನೈದು ವರ್ಷದ ಕಂದಾಯವನ್ನು ಆಧಾರವಾಗಿ ತೋರಿಸಿ ಇವತ್ತೇ ಹಣ ಎತ್ತುವ ಉಪಾಯವೇ ನಗರ ಬಾಂಡ್. 1812ರಲ್ಲಿ ನ್ಯೂಯಾರ್ಕ್ ನಗರ ಕಾಲುವೆಯೊಂದಕ್ಕೆ ಹೀಗೆ ಸಾಲ ಎತ್ತಿತ್ತು. ಭಾರತದಲ್ಲಿ ಈ ಕಾಲದ ಪಾಲಿಕೆ ಬಾಂಡ್‌ಗಳ ಸರಣಿ ಶುರುವಾದದ್ದು ಬೆಂಗಳೂರಿನಿಂದ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ರಸ್ತೆ, ಚರಂಡಿ ಕೆಲಸಕ್ಕೆಂದು 125 ಕೋಟಿ ರೂಪಾಯಿ ಎತ್ತಿತು. ಬಡ್ಡಿ ಶೇ 13. ಜಾಮೀನು ನಿಂತದ್ದು ರಾಜ್ಯ ಸರ್ಕಾರ. ಮರುವರ್ಷ ಅಹಮದಾಬಾದ್ ಸರ್ಕಾರದ ಜಾಮೀನಿಲ್ಲದೆಯೇ 100 ಕೋಟಿ ಎತ್ತಿ ತೋರಿಸಿತು. ಅದು ಅಡ ಇಟ್ಟದ್ದು ನಗರದೊಳಗೆ ಬರುವ ಸರಕಿನ ಮೇಲಿನ ಸುಂಕವಾದ ಆಕ್ಟ್ರಾಯ್ ವಸೂಲಿಯನ್ನು.

ದೊಡ್ಡ ಪಾಲಿಕೆಗಳಿಗೆ ಸಾಲ ಹುಟ್ಟಿತು. ಸಣ್ಣ ಊರುಗಳ ಗತಿ?

ಈ ಪ್ರಶ್ನೆಗೆ ಕರ್ನಾಟಕದ ಉತ್ತರ ಹುಟ್ಟಿದ್ದು ಬೆಂಗಳೂರಿನ ಸುತ್ತಲ ಉಂಗುರದಲ್ಲಿ. ಬೊಮ್ಮನಹಳ್ಳಿ, ಬ್ಯಾಟರಾಯನಪುರ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ರಾಜರಾಜೇಶ್ವರಿನಗರ, ಯಲಹಂಕ ಈ ಏಳು ನಗರಸಭೆಗಳು, ಜೊತೆಗೆ ಕೆಂಗೇರಿ ಪುರಸಭೆ. ಲೇಔಟುಗಳು ಬೆಳೆದಿದ್ದವು, ಬೋರ್‌ವೆಲ್‌ಗಳು ಬತ್ತುತ್ತಿದ್ದವು, ಕಾವೇರಿ ಪಾಲಿಕೆಯ ಗಡಿಯಲ್ಲೇ ನಿಂತಿದ್ದಳು. ಒಂಟಿಯಾಗಿ ಹೋದರೆ ಮಾರುಕಟ್ಟೆ ಇವುಗಳಲ್ಲಿ ಯಾವುದಕ್ಕೂ ಮಣೆ ಹಾಕುವಂತಿರಲಿಲ್ಲ. ಹಾಗಾಗಿ ಎಂಟನ್ನೂ ಒಟ್ಟುಗೂಡಿಸಿ, ಕರ್ನಾಟಕ ನೀರು ಮತ್ತು ನೈರ್ಮಲ್ಯ ಪೂಲ್ಡ್ ಫಂಡ್ ಹೆಸರಿನಲ್ಲಿ 2005ರ ಜೂನ್‌ನಲ್ಲಿ 100 ಕೋಟಿ ರೂಪಾಯಿಯ ಬಾಂಡ್ ಹೊರಡಿಸಲಾಯಿತು. ಅವಧಿ 15 ವರ್ಷ, ತೆರಿಗೆ ವಿನಾಯಿತಿಯೊಂದಿಗೆ ಬಡ್ಡಿ ಶೇ 5.95. ಎಂಟು ವರ್ಷದ ಹಿಂದೆ ದೊಡ್ಡ ಪಾಲಿಕೆಯೇ ತೆತ್ತ ದರದ ಅರ್ಧಕ್ಕಿಂತ ಕಡಿಮೆ!

ಇಷ್ಟು ಅಗ್ಗಕ್ಕೆ ಸಾಲ ಸಿಕ್ಕಿದ್ದರಲ್ಲಿ ಕಾಲದ ಪಾಲೂ ಇತ್ತು. ದೇಶದಲ್ಲಿ ಬಡ್ಡಿದರವೇ ಇಳಿದಿತ್ತು. ಉಳಿದದ್ದು ಒಂದರ ಹಿಂದೊಂದು ಕಟ್ಟಿದ ಭದ್ರತೆ. ಊರುಗಳ ವರಮಾನ ಮೊದಲು ಎಸ್ಕ್ರೊ ಖಾತೆಗೆ ಹೋಗಬೇಕಿತ್ತು, ಕಂತು ತೆಗೆದಿಟ್ಟ ಮೇಲಷ್ಟೇ ಮಿಕ್ಕದ್ದು ಊರಿಗೆ. ಅಲ್ಲಿ ಕೊರತೆ ಬಿದ್ದರೆ ಆ ಊರಿಗೆ ಬರಬೇಕಾದ ಅನುದಾನವನ್ನು ಸರ್ಕಾರ ದಾರಿಯಲ್ಲೇ ಮುರಿದುಕೊಳ್ಳುತ್ತಿತ್ತು. ಅದೂ ಸಾಲದಿದ್ದರೆ ಅಸಲಿನ ಅರ್ಧಕ್ಕೆ ಅಮೆರಿಕದ ಯುಎಸ್‌ಏಡ್ ಹೊಣೆಯಾಗಿತ್ತು.

ಈ ಊರುಗಳಿಗೆ ಕಾವೇರಿ ತರುವ ಬೃಹತ್ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಯೋಜನೆಗೆ ಬಾಂಡ್ ಹಣವೊಂದೇ ಸಾಕಾಗುತ್ತಿರಲಿಲ್ಲ. ನಿವಾಸಿಗಳೂ ನಿವೇಶನದ ಅಳತೆಗೆ ತಕ್ಕಂತೆ ಫಲಾನುಭವಿ ವಂತಿಗೆ ಕಟ್ಟಬೇಕಾಯಿತು. ತಕರಾರು ಎದ್ದದ್ದು ಇಲ್ಲೇ. ನಲ್ಲಿಯೇ ಇಲ್ಲದ ಮನೆಯವರು ನೀರಿಗೆ ಮುಂಗಡ ಯಾಕೆ ಕೊಡಬೇಕು? ಹೊಸ ಬಡಾವಣೆಗೊಂದು ನ್ಯಾಯ, ಸರ್ಕಾರದ ದುಡ್ಡಿನಲ್ಲಿ ನೀರು ಪಡೆದ ಹಳೇ ಬೆಂಗಳೂರಿಗೊಂದು ನ್ಯಾಯವೇ? ಸಭೆಗಳಲ್ಲಿ ಈ ಮಾತು ಮತ್ತೆಮತ್ತೆ ಬಂತು. ಕೊಳವೆ ಹೂಳಿದ್ದಾಯಿತು, ಒಳಗೆ ಹರಿಯಬೇಕಾದ ನೀರು ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟಕ್ಕಾಗಿ, ಅಂದರೆ 2012ರ ತನಕ ಕಾಯಬೇಕಾಯಿತು.

ಅಷ್ಟರಲ್ಲಿ ಸಾಲಗಾರರೇ ಇರಲಿಲ್ಲ. 2007ರಲ್ಲಿ ಎಂಟೂ ಊರುಗಳು, ಜೊತೆಗೆ 110 ಹಳ್ಳಿಗಳು ಹಳೇ ಪಾಲಿಕೆಯೊಂದಿಗೆ ಸೇರಿ ಬಿಬಿಎಂಪಿಯಾದವು. ನಗರಸಭೆಗಳ ಆಸ್ತಿಯೂ ಹೊಣೆಯೂ ಹೊಸ ಪಾಲಿಕೆಯ ಲೆಕ್ಕಕ್ಕೆ ಬಿದ್ದವು. ಆ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಬಾಂಡ್ ದಾರಿ ಹಿಡಿಯಲಿಲ್ಲ. ಜಪಾನಿನ ಜೈಕಾ ಸಾಲ ಪಡೆದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಈ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು.

ಹೊಸ ಬಡಾವಣೆ ತನ್ನ ಖರ್ಚು ತಾನೇ ಹೊರಲಿ ಎಂಬ ವಾದ ಕ್ಯಾಲಿಫೋರ್ನಿಯಾದಲ್ಲಿ ಕಾಯ್ದೆಯೇ ಆಗಿದೆ. 1978ರಲ್ಲಿ ಅಲ್ಲಿನ ಮತದಾರರು ಆಸ್ತಿ ತೆರಿಗೆಗೆ ಮಿತಿ ಹಾಕಿದರು, ಶಾಲೆ, ರಸ್ತೆಗೆ ಹಣ ಸಾಲದಾಯಿತು. 1982ರಲ್ಲಿ ಮೆಲ್ಲೊ-ರೂಸ್ ಕಾಯ್ದೆ ಬಂತು. ಒಂದಿಷ್ಟು ಜಾಗಕ್ಕೆ ಗೆರೆ ಎಳೆದು ವಿಶೇಷ ತೆರಿಗೆ ಹಾಕಬಹುದು, ಆ ತೆರಿಗೆಯ ಮೇಲೆ ಬಾಂಡ್ ಹೊರಡಿಸಬಹುದು. ಅದಕ್ಕೆ ಮೂರನೇ ಎರಡರಷ್ಟು ಮತ ಬೇಕು. ಆದರೆ ಗೆರೆಯೊಳಗೆ 12 ಮತದಾರರೂ ಇಲ್ಲದಿದ್ದರೆ ಎಕರೆಗೊಂದರಂತೆ ಭೂಮಾಲೀಕರ ಮತವೇ ಮತ. ಬರೀ ಬಯಲಿರುವಾಗ ಡೆವಲಪರ್ ಒಬ್ಬನೇ ಕೈಯೆತ್ತಿ ಒಪ್ಪಿದ ತೆರಿಗೆಯನ್ನು, ಆಮೇಲೆ ಮನೆ ಕೊಂಡವರು ದಶಕಗಟ್ಟಲೆ ಕಟ್ಟುತ್ತಾರೆ. ಅಲ್ಲಿ ಮನೆ ಮಾಡಿರುವ ಕನ್ನಡಿಗರಿಗೂ ತೆರಿಗೆ ಬಿಲ್ಲಿನ ಈ ಹೆಸರು ಪರಿಚಿತ.

ಇತ್ತ ಭಾರತದಲ್ಲಿ 2015ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಪಾಲಿಕೆ ಬಾಂಡ್‌ಗಳಿಗೆ ನಿಯಮ ರೂಪಿಸಿತು. 2017ರಲ್ಲಿ ಪುಣೆ ನೀರಿನ ಯೋಜನೆಗಾಗಿ 200 ಕೋಟಿ ಎತ್ತಿತು. 2023ರಲ್ಲಿ ಇಂದೋರ್, ನರ್ಮದೆಯನ್ನು ಪಂಪ್ ಮಾಡುವ ವಿದ್ಯುತ್ ಖರ್ಚು ತಗ್ಗಿಸುವ ಸೌರ ಘಟಕಕ್ಕೆ 244 ಕೋಟಿ ರೂಪಾಯಿಯ ಬಾಂಡನ್ನು ಜನಸಾಮಾನ್ಯರಿಗೇ ಮಾರಿತು. ಬೆಂಗಳೂರು 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಮಹದೇವಪುರ, ಕೃಷ್ಣರಾಜಪುರ ಪೂರ್ವ ನಗರ ಪಾಲಿಕೆಗೆ ಸೇರಿದವು. ಐಟಿ ಕಟ್ಟಡಗಳ ತೆರಿಗೆ ಕೈಯಲ್ಲಿರುವ ಈ ಪಾಲಿಕೆ ಸಾಲಕ್ಕೆ ಹೊರಟರೆ ತೋರಿಸಲು ಅದಕ್ಕೊಂದು ಲೆಕ್ಕಪುಸ್ತಕವಿದೆ.

ಅದರ ಗಡಿ ಕಾಡುಗೋಡಿಯಾಚೆ ಮುಗಿಯುತ್ತದೆ. ಅಲ್ಲಿಂದಾಚೆಗೆ ಸಮೇತನಹಳ್ಳಿ, ಅನುಗೊಂಡನಹಳ್ಳಿ ಹೋಬಳಿಯ ನೆಲ. ಇಲ್ಲೂ ಲೇಔಟುಗಳು ಎದ್ದಿವೆ, ನೀರಿಗೆ ಬೋರ್‌ವೆಲ್ಲೇ ಗತಿ. ಆದರೆ ಸೆಬಿ ನಿಯಮ ಬರೆದಿರುವುದು ನಗರಾಡಳಿತ ಸಂಸ್ಥೆಗಳಿಗೆ. ಗ್ರಾಮ ಪಂಚಾಯಿತಿ ಅದರ ಲೆಕ್ಕಕ್ಕೇ ಬರುವುದಿಲ್ಲ. ಹೋಬಳಿಯ ಪಂಚಾಯಿತಿಗಳೆಲ್ಲ 2005ರ ಎಂಟು ಊರುಗಳಂತೆ ಒಟ್ಟುಗೂಡಿ ಸಾಲಕ್ಕೆ ಹೋಗಬೇಕೆಂದರೆ ಮೊದಲು ಆ ನಿಯಮ ಬದಲಾಗಬೇಕು, ಇಲ್ಲವೇ ಗಡಿಯೇ ಇತ್ತ ಸರಿಯಬೇಕು. ಗಡಿ ಸರಿದ 110 ಹಳ್ಳಿಗಳು ಕಾವೇರಿಗಾಗಿ ಕಾದದ್ದು ಹದಿನೇಳು ವರ್ಷ.