ದೋಣಿಯ ಓಟ ಕಮ್ಮಿಯಾಯ್ತಾ? ಎಂಜಿನ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಕುಂದಾಪುರ: "ಫುಲ್ ಎಕ್ಸಲೇಟರ್ ಕೊಟ್ರೂ ದೋಣಿ ಮುಂದ್ ಹೋತಿಲ್ಲೆ ಮಾರಾಯ್ರೆ." ಹತ್ತು-ಹದಿನೈದು ವರ್ಷದ ಹಳೇ ನಾಡದೋಣಿ ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಒಮ್ಮೆಯಾದರೂ ಬಂದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ದಡದಲ್ಲಿರುವಾಗ ಕಡಲಿಗಿಳಿಯಲು ಅವಕಾಶ ಇರುವುದು ನಾಡದೋಣಿಗಳಿಗೆ ಮತ್ತು 10 ಅಶ್ವಶಕ್ತಿವರೆಗಿನ ಎಂಜಿನ್ ಕೂರಿಸಿದ ದೋಣಿಗಳಿಗೆ. ವರ್ಷದ ದುಡಿಮೆಯ ದೊಡ್ಡ ಪಾಲು ಆ ಎರಡು ತಿಂಗಳಲ್ಲೇ ಆಗಬೇಕು. ಆಗ ದೋಣಿ ನಿಧಾನವಾದರೆ ಮೀನು ಮಾರ್ಕೆಟ್‌ಗೆ ತಡವಾಗಿ ಬರುತ್ತದೆ, ರೇಟು ಬೀಳುತ್ತದೆ, ಎಣ್ಣೆ ಖರ್ಚು ಏರುತ್ತದೆ. ಅದಕ್ಕಿಂತ ದೊಡ್ಡ ಭಯ ಅಳಿವೆಯದ್ದು. ಗಂಗೊಳ್ಳಿಯಂಥ ಕಡೆ ಅಲೆ ಏಳುವ ಹೊತ್ತಿನಲ್ಲಿ ಅಳಿವೆ ದಾಟಲು ಎಂಜಿನ್‌ನಲ್ಲಿ ಸ್ವಲ್ಪ ಶಕ್ತಿ ಮಿಗತೆ ಇರಲೇಬೇಕು.

ಓಟ ಕಮ್ಮಿಯಾದ ಕೂಡಲೇ ಎಲ್ಲರೂ ಬೈಯುವುದು ಎಂಜಿನ್‌ಗೆ. ಕಾರ್ಬ್ಯುರೇಟರ್ ಕ್ಲೀನ್, ಹೊಸ ಪ್ಲಗ್, ಆಮೇಲೆ ರಿಂಗ್. ಅಷ್ಟಕ್ಕೂ ಆಗದಿದ್ದರೆ ಹೊಸ ಎಂಜಿನ್. ಅದರ ಬೆಲೆ ಲಕ್ಷ ದಾಟುತ್ತದೆ. ಹೊಸ ಎಂಜಿನ್ ಹಾಕಿದ ಮೇಲೂ ದೋಣಿ ಹಳೇ ಓಟಕ್ಕೆ ಬಾರದೆ ತಲೆ ಕೆರೆದುಕೊಂಡವರೂ ಇದ್ದಾರೆ. ಏಕೆಂದರೆ ತಪ್ಪು ಮೂರು ಕಡೆ ಇರಬಹುದು: ಎಂಜಿನ್, ಫ್ಯಾನ್ ಅಂದರೆ ಪ್ರೊಪೆಲ್ಲರ್, ಇಲ್ಲವೇ ದೋಣಿಯೇ.

ಮೊದಲು ಬೇಕಾದದ್ದು ಎರಡು ಲೆಕ್ಕ. ಒಂದು ವೇಗ, ಅದು ಮೊಬೈಲ್‌ನ ಜಿಪಿಎಸ್‌ನಲ್ಲೇ ಸಿಗುತ್ತದೆ. ಹೊಳೆಯಲ್ಲಿ ನೀರಿನ ಸೆಳೆತ ಇರುವುದರಿಂದ ಒಮ್ಮೆ ಸೆಳೆತದ ಜೊತೆಗೆ, ಒಮ್ಮೆ ಎದುರಿಗೆ ಓಡಿಸಿ ಸರಾಸರಿ ತೆಗೆಯಬೇಕು. ಇನ್ನೊಂದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು, ಅಂದರೆ ಆರ್‌ಪಿಎಂ. ಪ್ಲಗ್ ವಯರ್‌ಗೆ ಸುತ್ತುವ ಸಣ್ಣ ಮೀಟರ್ ಇದ್ದರೆ ಸಾಕು. ಈ ಗಾತ್ರದ ಹೆಚ್ಚಿನ ಟೂ-ಸ್ಟ್ರೋಕ್ ಎಂಜಿನ್‌ಗಳು ಪೂರ್ತಿ ಎಕ್ಸಲೇಟರ್‌ನಲ್ಲಿ 4500ರಿಂದ 5500 ಸುತ್ತಬೇಕು. ಸರಿಯಾದ ಅಂಕಿ ಎಂಜಿನ್ ಜೊತೆ ಬಂದ ಪುಸ್ತಕದಲ್ಲಿದೆ.

ಸುತ್ತು ಸರಿ ಇದೆ ಅಥವಾ ಜಾಸ್ತಿಯೇ ಇದೆ, ದೋಣಿ ಮಾತ್ರ ಹೋಗುತ್ತಿಲ್ಲ ಎಂದಾದರೆ ಎಂಜಿನ್ ಬಿಚ್ಚುವ ಅಗತ್ಯವೇ ಇಲ್ಲ, ಫ್ಯಾನ್ ನೋಡಿ. ಫ್ಯಾನ್‌ನ ನಡುವೆ ಒಂದು ರಬ್ಬರ್ ಬುಷ್ ಇರುತ್ತದೆ. ಹಳತಾದಾಗ ಅದು ಒಳಗೇ ಜಾರುತ್ತದೆ, ಎಂಜಿನ್ ತಿರುಗಿದಷ್ಟು ಫ್ಯಾನ್ ತಿರುಗುವುದಿಲ್ಲ. ಎಂಜಿನ್ ಬಂದ್ ಮಾಡಿ, ಬುಷ್‌ನ ಒಳಭಾಗ ಮತ್ತು ಹೊರಭಾಗ ಸೇರಿಸಿ ಪೇಂಟ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ. ಜೋರಾಗಿ ಓಡಿಸಿ ಬಂದ ಮೇಲೆ ಗೆರೆ ತುಂಡಾಗಿ ಆಚೀಚೆ ಆಗಿದ್ದರೆ ಬುಷ್ ಹೋಗಿದೆ. ಎಸಳು ಬಾಗಿದ್ದರೂ, ಹಿಂಬದಿ ಹಲಗೆ ಕುಸಿದು ಎಂಜಿನ್ ಓರೆಯಾಗಿದ್ದರೂ, ಎಂಜಿನ್ ತೀರಾ ಮೇಲೆ ಕೂತು ಫ್ಯಾನ್ ಗಾಳಿ ಎಳೆದುಕೊಂಡರೂ ಇದೇ ಲಕ್ಷಣ.

ಸುತ್ತೇ ಕಮ್ಮಿ ಇದ್ದರೆ? ಎಂಜಿನ್ ಸೋತಿರಬಹುದು, ಇಲ್ಲವೇ ದೋಣಿ ಅದಕ್ಕೆ ಭಾರವಾಗಿರಬಹುದು. ಇದನ್ನು ಬೇರೆ ಮಾಡಲು ಪಕ್ಕದ ದೋಣಿಯಷ್ಟು ಒಳ್ಳೆಯ ಮೀಟರ್ ಇನ್ನೊಂದಿಲ್ಲ. ಅದೇ ಅಳತೆಯ, ಚೆನ್ನಾಗಿ ಓಡುವ ದೋಣಿಯವರನ್ನು ಕೇಳಿ, ಅರ್ಧ ಗಂಟೆ ಎಂಜಿನ್ ಅದಲು-ಬದಲು ಮಾಡಿ ಓಡಿಸಿ ನೋಡಬೇಕು. ನಿಮ್ಮ ಎಂಜಿನ್ ಅವರ ದೋಣಿಯನ್ನೂ ನಿಧಾನ ಮಾಡಿದರೆ ತಪ್ಪು ಎಂಜಿನ್‌ನದ್ದು. ಅವರ ಎಂಜಿನ್ ನಿಮ್ಮ ದೋಣಿಯಲ್ಲಿ ಏದುಸಿರು ಬಿಟ್ಟರೆ ತಪ್ಪು ದೋಣಿಯದ್ದು. ಫ್ಯಾನ್ ಎಂಜಿನ್ ಜೊತೆಗೇ ಹೋಗುತ್ತದೆ ಎಂಬುದು ಮಾತ್ರ ನೆನಪಿರಲಿ. ಈ ಪರೀಕ್ಷೆಗೆ ಖರ್ಚು ಒಂದು ಚಾ, ಅಷ್ಟೇ.

ಎಂಜಿನ್‌ನದ್ದೇ ತಪ್ಪು ಎಂದಾದರೆ ಸುಲಭದ್ದನ್ನು ಮೊದಲು ನೋಡಿ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕಾರ್ಬ್ಯುರೇಟರ್ ಬಾಯಿ ಪೂರ್ತಿ ತೆರೆಯುತ್ತದೆಯೇ? ಕೇಬಲ್ ಸಡಿಲವಾಗಿ ಮುಕ್ಕಾಲು ಮಾತ್ರ ತೆರೆಯುವುದು ಮಾಮೂಲು. ಓಡುತ್ತಿರುವಾಗ ಎಣ್ಣೆ ಪೈಪ್‌ನ ರಬ್ಬರ್ ಪಂಪನ್ನು ಕೈಯಲ್ಲಿ ಒತ್ತಿದರೆ ಓಟ ಮರಳಿ ಬಂತೋ, ಎಂಜಿನ್‌ಗೆ ಎಣ್ಣೆ ಸಾಲುತ್ತಿಲ್ಲ ಎಂದೇ ಅರ್ಥ: ಪೈಪ್‌ನಲ್ಲಿ ಬಿರುಕು, ಫಿಲ್ಟರ್‌ನಲ್ಲಿ ಕಸ, ಇಲ್ಲವೇ ಎಂಜಿನ್‌ನ ಎಣ್ಣೆ ಪಂಪ್ ಸೋತಿದೆ. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗಳಲ್ಲಿ ಪ್ಲಗ್‌ಗೂ ರಿಂಗ್‌ಗೂ ಮಸಿ ಬೇಗ ಕಟ್ಟುತ್ತದೆ. ಎರಡು ಸಿಲಿಂಡರ್‌ಗಳ ಕಂಪ್ರೆಷನ್‌ನಲ್ಲಿ ಶೇ 10-15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ರಿಂಗ್ ಮಾತು.

ಪೆಟ್ರೋಲ್ ಬಳಸುವವರಿಗೆ ಇನ್ನೊಂದು ತಲೆನೋವು. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿಗೆ ಶೇ 20ರವರೆಗೆ ಎಥೆನಾಲ್ ಬೆರೆತಿರುತ್ತದೆ, ಅದು ನೀರನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಸೇರಿ ಕ್ಯಾನ್‌ನ ತಳಕ್ಕೆ ಇಳಿಯುತ್ತದೆ. ಪೈಪ್ ಎಳೆಯುವುದು ತಳದಿಂದಲೇ. ಟೂ-ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುವುದರಿಂದ ಎಂಜಿನ್ ಆಯಿಲ್ ಇಲ್ಲದೆ ಓಡಿ ಹಿಡಿದುಕೊಳ್ಳಬಹುದು. ತಳದ ಎಣ್ಣೆಯನ್ನು ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಇಟ್ಟರೆ ಪದರ ಕಣ್ಣಿಗೇ ಕಾಣುತ್ತದೆ.

ಇನ್ನು ದೋಣಿ. ಹೆಚ್ಚಿನವರು ನೋಡದೇ ಬಿಡುವುದು ಇದನ್ನೇ. ತಳಕ್ಕೆ ಅಂಟಿದ ಚಿಪ್ಪು, ಪಾಚಿ ಕೆರೆದರೆ ಹೋಗುತ್ತದೆ. ಒಳಗೆ ಕುಡಿದ ನೀರು ಹೋಗುವುದಿಲ್ಲ. ಫೈಬರ್ ದೋಣಿಯ ಮುಚ್ಚಿದ ಕೋಣೆಗಳಲ್ಲಿ ತೇಲುವುದಕ್ಕೆಂದು ಫೋಮ್ ತುಂಬಿರುತ್ತಾರೆ. ಎಂಜಿನ್ ಬೋಲ್ಟ್‌ನ ತೂತು, ಮರಳಿನ ಮೇಲೆ ಎಳೆದು ಸವೆದ ಅಂಚು, ಕೂದಲೆಳೆಯಂಥ ಬಿರುಕು, ಎಲ್ಲಿಂದಲೋ ನೀರು ಇಳಿಯುತ್ತದೆ. ಮರದ ಮೇಲೆ ಫೈಬರ್ ಹೊದಿಸಿದ ದೋಣಿಯಲ್ಲಿ ಹಲಗೆಯೇ ಕುಡಿಯುತ್ತದೆ. ನೂರು ಲೀಟರ್ ನೀರು ಅಂದರೆ ನೂರು ಕೆಜಿ. ಒಂದೂ ಮೀನು ಹಿಡಿಯುವ ಮೊದಲೇ ಇಬ್ಬರು ಜನ ಹೆಚ್ಚಿಗೆ ಕೂತ ಹಾಗೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಖಾಲಿ ದೋಣಿ ಮೊದಲು ಎಲ್ಲಿವರೆಗೆ ಮುಳುಗುತ್ತಿತ್ತು ಎಂಬುದು ಹಳೇ ಪೇಂಟ್‌ನ ಕಲೆಯಲ್ಲೇ ಕಾಣುತ್ತದೆ. ಈಗ ಅದಕ್ಕಿಂತ ಮೇಲಿದ್ದರೆ ಸಂಶಯ ಬೇಡ. ನಾಣ್ಯದಲ್ಲಿ ಹೊರಮೈ ಕುಟ್ಟುತ್ತಾ ಹೋದರೆ ಗಟ್ಟಿ ಜಾಗ 'ಟಣ್' ಎನ್ನುತ್ತದೆ, ಕೊಳೆತ ಜಾಗ 'ದಬ್' ಎನ್ನುತ್ತದೆ. ದೋಣಿ ದಡಕ್ಕೆ ಹಾಕಿ ತಳಭಾಗದ ಒಂದು ಸ್ಕ್ರೂ ಬಿಚ್ಚಿ; ಅಲ್ಲಿಂದ ನೀರು ತೊಟ್ಟಿಕ್ಕಿದರೆ ಒಳಗೆ ಇನ್ನೂ ಇದೆ. ಪಕ್ಕಾ ಲೆಕ್ಕ ಬೇಕೆಂದರೆ ದೋಣಿಯನ್ನು ಗೂಡ್ಸ್ ಗಾಡಿಗೆ ಏರಿಸಿ ವೇ-ಬ್ರಿಡ್ಜ್‌ಗೆ ಒಯ್ದು ತೂಗಿ, ಗಾಡಿಯ ತೂಕ ಕಳೆದು, ದೋಣಿ ಕಟ್ಟಿದವರು ಹೇಳಿದ ತೂಕದ ಜೊತೆ ಹೋಲಿಸಿ.

ಇಲ್ಲಿ ನಷ್ಟ ಓಟದ್ದು ಮಾತ್ರವಲ್ಲ. ಫೋಮ್ ಇರುವುದೇ ದೋಣಿ ಮಗುಚಿದರೂ ಮುಳುಗದಂತೆ ಹಿಡಿಯಲು. ನೀರು ಕುಡಿದ ಫೋಮ್ ಯಾರನ್ನೂ ತೇಲಿಸುವುದಿಲ್ಲ.

ಬಿಸಿಲಿಗೆ ಹಾಕಿ ಒಣಗಿಸುತ್ತೇವೆ ಅಂದರೆ ಆಗುವ ಕೆಲಸವಲ್ಲ; ಮೇಲಿನ ಪದರ ಕತ್ತರಿಸಿ ಒದ್ದೆ ಫೋಮ್ ಪೂರ್ತಿ ತೆಗೆದು, ಕೊಳೆತ ಹಲಗೆ ಬದಲಿಸಿ, ಒಳಗೆ ಒಣಗಿದ ಮೇಲೆ ನೀರು ಹೀರದ ಫೋಮ್ ತುಂಬಿ ಮುಚ್ಚಬೇಕು. ದುಡ್ಡು ಉಳಿಸಲು ಅಂಗಡಿಯ ಥರ್ಮಾಕೋಲ್ ತುರುಕಬೇಡಿ. ಪೆಟ್ರೋಲ್ ತಾಗಿದರೂ, ಫೈಬರ್ ಕೆಲಸಕ್ಕೆ ಬಳಸುವ ರೆಸಿನ್ ತಾಗಿದರೂ ಅದು ಕರಗಿಹೋಗುತ್ತದೆ. ಈ ಕೆಲಸಕ್ಕೆ ವಾರಗಟ್ಟಲೆ ಬಿಸಿಲು ಬೇಕಾದ್ದರಿಂದ ಏಪ್ರಿಲ್ ಒಳಗೆ ಕೈ ಹಾಕಿದರೆ ಜೂನ್‌ಗೆ ದೋಣಿ ಸಿದ್ಧವಾದೀತು.