ರಕ್ತ ಬೆರೆತರೂ ಸಿದ್ದಿ ಸಿದ್ದಿಯೇ

ಹೊನ್ನಾವರ: ಕಾಸರಕೋಡ, ಹೊನ್ನಾವರದ ಕರಾವಳಿಯಿಂದ ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳದ ಕಡೆಗೆ ಹೋದರೆ ಗುಂಗುರು ಕೂದಲಿನ, ಕಪ್ಪು ಮೈಬಣ್ಣದ ಜನರು ಕೊಂಕಣಿ, ಕನ್ನಡಗಳಲ್ಲಿ ಮಾತನಾಡುವುದು ಕಿವಿಗೆ ಬೀಳುತ್ತದೆ. ಇವರೇ ಸಿದ್ದಿಗಳು. ಯಲ್ಲಾಪುರ, ಹಳಿಯಾಳಗಳಲ್ಲದೆ ಮುಂಡಗೋಡ, ಜೋಯಿಡಾ, ಅಂಕೋಲಾ, ಶಿರಸಿ ತಾಲ್ಲೂಕುಗಳಲ್ಲೂ ಇವರ ವಸತಿಗಳಿವೆ.

ಇವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಹೊಂದಿದವರು ಸಹ್ಯಾದ್ರಿಯ ಕಾಡು ಸೇರಿದರು.

ಹಾಗಾದರೆ ಅವರು ನೆರೆಯವರೊಂದಿಗೆ ಬೆರೆಯಲಿಲ್ಲವೇ? ಬೆರೆತಿದ್ದಾರೆ. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಕರ್ನಾಟಕ ಹಾಗೂ ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿ 2011ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅದರಂತೆ ಇವರ ಮೂಲ ಬಂಟು ಭಾಷಿಕ ಆಫ್ರಿಕನ್ನರದು. ಜೊತೆಗೆ ಭಾರತೀಯ ಅಂಶವಿದ್ದು, ಪೋರ್ಚುಗೀಸ್ ಅಂಶದ ಸಾಧ್ಯತೆಯೂ ಇದೆ. ಈ ಬೆರಕೆ ನಡೆದದ್ದು ಸುಮಾರು 200 ವರ್ಷಗಳ, ಅಂದರೆ ಎಂಟು ತಲೆಮಾರುಗಳ ಅವಧಿಯಲ್ಲಿ.

ಬೆರಕೆ ರಕ್ತಕ್ಕಷ್ಟೇ ಸೀಮಿತವಲ್ಲ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಆದರೂ ತಾವೆಲ್ಲ ಒಂದೇ ಜನವೆಂಬ ಭಾವನೆಯನ್ನು ಅವರು ಬಿಟ್ಟಿಲ್ಲ. ಡಮಾಮಿ ವಾದ್ಯದ ಕುಣಿತ ಈ ಒಗ್ಗಟ್ಟಿನ ಗುರುತಾಗಿ ಉಳಿದಿದೆ.

ಗುರುತಿನ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಮಕ್ಕಳ ವಿದ್ಯಾರ್ಥಿವೇತನ, ಮೀಸಲಾತಿ, ಅರಣ್ಯ ಹಕ್ಕುಗಳೆಲ್ಲ ಅದನ್ನೇ ಅವಲಂಬಿಸಿವೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆದರೆ ಆ ಮಾನ್ಯತೆ ಜಿಲ್ಲೆಯ ಗಡಿಗೇ ನಿಂತಿತು. ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದ ಅದೇ ಜನರು, ಅದೇ ನೆಂಟರಿಷ್ಟರು ಪಟ್ಟಿಯಿಂದ ಹೊರಗುಳಿದರು. ಅವರಿಗೂ ಆ ಸ್ಥಾನ ದೊರೆತದ್ದು 2020ರ ತಿದ್ದುಪಡಿಯಿಂದ. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಈ ಸಮುದಾಯದಿಂದ ಸದನ ಪ್ರವೇಶಿಸಿದ ಮೊದಲಿಗರಾದರು.

ಉತ್ತರ ಯುರೋಪಿನ ಸಾಮಿ ಜನರ ಮುಂದೆಯೂ ಇಂತಹದೇ ಪ್ರಶ್ನೆ ಇದೆ. ಅವರೂ ಶತಮಾನಗಳಿಂದ ನಾರ್ವೆ, ಸ್ವೀಡನ್, ಫಿನ್ಲೆಂಡಿನ ನೆರೆಹೊರೆಯವರೊಂದಿಗೆ ಬೆರೆತವರು. ನಾರ್ವೆಯಲ್ಲಿ ಸಾಮಿ ಸಂಸತ್ತಿನ ಮತದಾರರಾಗಲು ರಕ್ತಪರೀಕ್ಷೆ ಬೇಕಿಲ್ಲ. ತಾನು ಸಾಮಿ ಎಂಬ ಘೋಷಣೆಯೊಂದಿಗೆ, ಮನೆಯಲ್ಲಿ ತಾನಾಗಲಿ ತನ್ನ ಹಿರಿಯರಾಗಲಿ ಸಾಮಿ ಭಾಷೆಯನ್ನಾಡಿದ್ದರೆ ಸಾಕು. ಮತದಾರರ ಪಟ್ಟಿಯಲ್ಲಿರುವವರ ಮಕ್ಕಳಿಗೂ ಅವಕಾಶವಿದೆ.

ಸಿದ್ದಿಗಳ ಮಟ್ಟಿಗೆ ಆಫ್ರಿಕಾದ ನುಡಿ ಎಂದೋ ಮರೆಯಾಗಿದೆ. ಮನೆಮಾತು ಕೊಂಕಣಿಯ ಒಂದು ಬಗೆ. ಆದುದರಿಂದ ಭಾಷೆ ಅವರ ಗುರುತನ್ನು ಹೇಳಲಾರದು, ಮತವೂ ಹೇಳಲಾರದು. ಅದನ್ನು ಉಳಿಸಿರುವುದು ನೆಂಟಸ್ತಿಕೆ ಮತ್ತು ಒಟ್ಟಾಗಿ ಬಾಳಿದ ನೆನಪು.