ತಪ್ಪಾಗಿ ತಡೆದ ಪತ್ರಗಳ ಲೆಕ್ಕ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯಂಥ ಊರಿನಿಂದ ಬಸ್ಸು ಹತ್ತಿ ಮಂಡ್ಯಕ್ಕೋ ಮೈಸೂರಿಗೋ ಓದಲು ಹೋಗುವ ಹುಡುಗಿಗೆ ಈಗ ಕಾಲೇಜು ಸೇರಿದ ಕೂಡಲೇ ಒಂದು ಇಮೇಲ್ ವಿಳಾಸ ಸಿಗುವುದು ಸಾಮಾನ್ಯ. ಶುಲ್ಕದ ರಸೀದಿ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಿದ್ದುಪಡಿ ಬೇಕೆಂಬ ಸೂಚನೆ, ಇಂಟರ್ನ್‌ಶಿಪ್ಪಿನ ಕರೆ ಎಲ್ಲ ಅಲ್ಲಿಗೇ ಬರುತ್ತವೆ. ಇವುಗಳಲ್ಲಿ ಒಂದನ್ನು ಕಾಲೇಜಿನ ಸ್ಪ್ಯಾಮ್ ಫಿಲ್ಟರ್ ಕಸವೆಂದು ಬದಿಗಿಟ್ಟರೆ ಅವಳಿಗೆ ಯಾರೂ ಹೇಳುವುದಿಲ್ಲ. ಗಡುವು ದಾಟಿದ ಮೇಲೆ ಆಫೀಸಿನ ಕಿಟಕಿಯಲ್ಲಿ "ಮೇಲ್ ಕಳಿಸಿದ್ದೆವಲ್ಲ" ಎಂಬ ಉತ್ತರ ಸಿಗುತ್ತದೆ.

ಆದರೂ ಫಿಲ್ಟರ್ ಕೊಳ್ಳುವ ಸಮಿತಿಯ ಮೇಜಿನ ಮೇಲಿರುವ ಕೊಟೇಶನ್ನುಗಳು ಬೇರೊಂದು ಅಂಕಿಯನ್ನೇ ದೊಡ್ಡದಾಗಿ ಅಚ್ಚು ಹಾಕಿರುತ್ತವೆ: ಶೇಕಡಾ 99ರಷ್ಟು ಸ್ಪ್ಯಾಮ್ ತಡೆಯುತ್ತದೆ, ಶೇಕಡಾ 99.9ರಷ್ಟು ತಡೆಯುತ್ತದೆ ಎಂದು. ಇದರ ಇನ್ನೊಂದು ಮಗ್ಗುಲನ್ನು ಲೆಕ್ಕ ಹಾಕಿ ನೋಡಿ. ದಿನಕ್ಕೆ 1000 ಮೇಲ್ ಬರುವ ಕಾಲೇಜು ಒಂದಿದೆ ಎಂದುಕೊಳ್ಳೋಣ. 600 ಸ್ಪ್ಯಾಮ್, 400 ಒಳ್ಳೆಯವು. ಫಿಲ್ಟರ್ ಎರಡೂ ಕಡೆ ನೂರಕ್ಕೆ ಒಂದರಂತೆ ತಪ್ಪು ಮಾಡಿದರೆ 6 ಸ್ಪ್ಯಾಮ್ ಒಳಗೆ ಬರುತ್ತವೆ, 4 ಒಳ್ಳೆಯ ಪತ್ರ ನಿಂತುಹೋಗುತ್ತವೆ. ಒಳಗೆ ಬಂದ ಆರನ್ನು ಹೆಚ್ಚಿನವರು ಒತ್ತಿ ಅಳಿಸುತ್ತಾರೆ. ನಿಂತ ನಾಲ್ಕು ಕಣ್ಣಿಗೇ ಬೀಳುವುದಿಲ್ಲ. 200 ಕೆಲಸದ ದಿನಗಳಲ್ಲಿ ಅವು 800 ಆಗುತ್ತವೆ. ಭತ್ತ ತೂರುವಾಗ ಜೊಳ್ಳಿನ ಜೊತೆ ಗಾಳಿಗೆ ಹೋದ ಕಾಳನ್ನು ರಾಶಿಯಾಚೆ ಬಗ್ಗಿ ನೋಡಿದರಷ್ಟೇ ಕಾಣುವುದು. ಫಿಲ್ಟರಿನ ವಿಷಯದಲ್ಲಿ ಹಾಗೆ ಬಗ್ಗಿ ನೋಡುವ ಕೆಲಸವನ್ನು ಬಹಳಷ್ಟು ಕಡೆ ಯಾರಿಗೂ ವಹಿಸಿರುವುದಿಲ್ಲ.

ಸ್ಪ್ಯಾಮಿನ ಚರಿತ್ರೆ ಇಂಟರ್‌ನೆಟ್‌ಗಿಂತ ಹಳೆಯದು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್ ಎಂಬ ಮಾರಾಟಗಾರ ಇಂಟರ್‌ನೆಟ್‌ಗೆ ಮುಂಚಿನ ಜಾಲವಾದ ಅಮೆರಿಕದ ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಜನರಿಗೆ ಕಂಪ್ಯೂಟರಿನ ಜಾಹೀರಾತನ್ನು ಒಮ್ಮೆಗೇ ಕಳಿಸಿದ. ಆಗ ನಮ್ಮಲ್ಲಿ ಇಂಥ ಜಾಲವೇ ಇರಲಿಲ್ಲ. 1986ರಲ್ಲಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ಅರ್ನೆಟ್ ಯೋಜನೆ ಶುರುವಾದಾಗ ಅದರ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಇವತ್ತಿಗೂ ಎಸಿ ಡಾಟ್ ಇನ್ ಎಂದು ಮುಗಿಯುವ ವಿಳಾಸ ಬೇಕಾದ ಕಾಲೇಜು ಅರ್ನೆಟ್ ಬಾಗಿಲಿಗೇ ಹೋಗಬೇಕು. ಇಮೇಲ್ ಸಾಗಿಸುವ ಕಟ್ಟಳೆ ಮಾತ್ರ ಅರ್ನೆಟ್ ಯೋಜನೆಗಿಂತಲೂ ಹಳೆಯದು: ಪರಸ್ಪರ ಗುರುತಿದ್ದ ವಿದ್ವಾಂಸರ ಜಾಲಕ್ಕೆಂದು ರೂಪಿಸಿದ ಇಮೇಲ್ ನಿಯಮಾವಳಿ ಎಸ್‌ಎಂಟಿಪಿ ಸಿದ್ಧವಾದದ್ದು 1982ರಲ್ಲಿ. ಕಳಿಸಿದವನು ತಾನು ಹೇಳಿಕೊಂಡವನೇ ಹೌದೇ ಎಂದು ಕೇಳುವ ಏರ್ಪಾಡು ಅದರಲ್ಲಿರಲಿಲ್ಲ. ನಂತರದ ಫಿಲ್ಟರುಗಳೆಲ್ಲ ಆ ಕೊರತೆಯನ್ನು ತುಂಬುವ ಪ್ರಯತ್ನಗಳೇ.

ಫಿಲ್ಟರ್ ಒಳಗೆ ಏನು ನಡೆಯುತ್ತದೆ? ಪತ್ರ ತೆರೆಯುವ ಮೊದಲೇ ಕಳಿಸಿದ ಸರ್ವರ್ ಕುಖ್ಯಾತರ ಪಟ್ಟಿಯಲ್ಲಿದೆಯೇ ಎಂದು ನೋಡುತ್ತದೆ. 1998ರಿಂದ ನಡೆಯುತ್ತಿರುವ ಸ್ಪ್ಯಾಮ್‌ಹೌಸ್‌ನ ಪಟ್ಟಿ ಇವುಗಳಲ್ಲಿ ಹೆಸರಾದದ್ದು. ಆಮೇಲೆ ಎಸ್‌ಪಿಎಫ್: ಈ ಡೊಮೇನ್ ಹೆಸರಿನಲ್ಲಿ ಮೇಲ್ ಕಳಿಸಲು ಈ ಸರ್ವರಿಗೆ ಅನುಮತಿ ಉಂಟೇ? ಆಮೇಲೆ ಡಿಕಿಮ್: ಪತ್ರದ ಮೇಲಿನ ಗಣಿತದ ಮೊಹರು ದಾರಿಯಲ್ಲಿ ಒಡೆದಿಲ್ಲ ತಾನೇ? ಇಷ್ಟೆಲ್ಲ ದಾಟಿದ ಪತ್ರದ ಒಳಗಿನ ಮಾತಿಗೆ ಕೊನೆಗೆ ಕೈ ಹಾಕುತ್ತದೆ.

ಈ ಕೊನೆಯ ಹಂತದ ಬುನಾದಿ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಬರೆದು, ಅವರು ತೀರಿಕೊಂಡ ಮೇಲೆ 1763ರಲ್ಲಿ ಪ್ರಕಟವಾದ ಸಂಭವನೀಯತೆಯ ಸೂತ್ರ. ಅದನ್ನು ಇಮೇಲ್‌ಗೆ ಒಗ್ಗಿಸಿದ ಸಂಶೋಧನೆ 1998ರಲ್ಲಿ ಬಂತು. 2002ರಲ್ಲಿ ಪಾಲ್ ಗ್ರಹಾಮ್ ಬರೆದ ಲೇಖನ ಅದನ್ನು ಜನಪ್ರಿಯಗೊಳಿಸಿತು. ನಮ್ಮ ಕಾಲ್ಪನಿಕ ಕಾಲೇಜಿನ ಆ 1000 ಮೇಲ್‌ಗಳಲ್ಲಿ 'ಲಾಟರಿ' ಎಂಬ ಪದ 60 ಸ್ಪ್ಯಾಮ್‌ಗಳಲ್ಲೂ 1 ಒಳ್ಳೆಯ ಪತ್ರದಲ್ಲೂ ಇದ್ದರೆ, ಆ ಪದ ಕಂಡ ಪತ್ರ ಸ್ಪ್ಯಾಮ್ ಆಗಿರುವ ಸಾಧ್ಯತೆ 61ಕ್ಕೆ 60. 'ವಿದ್ಯಾರ್ಥಿವೇತನ' ಎಂಬ ಪದ 30 ಸ್ಪ್ಯಾಮ್‌ಗಳಲ್ಲೂ 60 ಒಳ್ಳೆಯ ಪತ್ರಗಳಲ್ಲೂ ಇದ್ದರೆ ಸಾಧ್ಯತೆ ಮೂರರಲ್ಲಿ ಒಂದು ಮಾತ್ರ. ಹೀಗೆ ಹತ್ತಾರು ಪದಗಳ ಸಾಕ್ಷ್ಯ ಕೂಡಿಸಿ ಫಿಲ್ಟರ್ ತೀರ್ಪು ಕೊಡುತ್ತದೆ. ಈಗಿನ ಯಂತ್ರಕಲಿಕೆಯ ಫಿಲ್ಟರುಗಳ ಗಣಿತ ಇದಕ್ಕಿಂತ ಬಹಳ ಮುಂದೆ ಹೋಗಿದೆ, ಆದರೆ ಅವೂ ಕಲಿತ ಪತ್ರಗಳ ಮೇಲೇ ನಿಂತಿವೆ. ವ್ಯಾಪಾರಿ ಕಂಪನಿಗಳ ಅಂಚೆಯನ್ನು ಓದಿ ಬೆಳೆದ ಯಂತ್ರಕ್ಕೆ ವಿದ್ಯಾರ್ಥಿವೇತನ ಎಂದರೆ ಬರೀ ವಂಚಕರ ಮಾತು. ಅಂಥ ಯಂತ್ರ ಕಾಲೇಜಿಗೆ ಬಂದರೆ ಹುಡುಗಿಗೆ ಬರಬೇಕಾದ ಪತ್ರ ನಿಲ್ಲುತ್ತದೆ.

ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವಿಶ್ವವಿದ್ಯಾಲಯದ ಆವರಣವನ್ನು ನೆನೆಸಿಕೊಳ್ಳಿ. ವೈದ್ಯಕೀಯ, ಎಂಜಿನಿಯರಿಂಗ್, ಫಾರ್ಮಸಿ, ನರ್ಸಿಂಗ್ ಎಲ್ಲ ಒಂದೇ ಕಡೆ. ಇಂಥ ಕ್ಯಾಂಪಸ್ಸಿನಲ್ಲಿ ಸಿಲ್ಡೆನಫಿಲ್ ಎಂಬ ಹೆಸರಿರುವ ಮೇಲ್ ಶ್ವಾಸಕೋಶದ ರಕ್ತದೊತ್ತಡದ ಪಾಠದ ಟಿಪ್ಪಣಿ ಆಗಿರಬಹುದು. ಹೊರಗಿನ ಲೋಕದಲ್ಲಿ ಅದೇ ಔಷಧ ವಯಾಗ್ರ ಎಂಬ ಹೆಸರಿನಲ್ಲಿ ಸ್ಪ್ಯಾಮಿನ ಹಳೆಯ ಸರಕು. ಎಂಜಿನಿಯರಿಂಗ್ ವಿಭಾಗದವರು ಪ್ರೋಗ್ರಾಂ ಫೈಲುಗಳನ್ನು ಜಿಪ್ ಮಾಡಿ ಕಳಿಸಿಕೊಳ್ಳುತ್ತಾರೆ, ಅಕೌಂಟ್ಸ್ ವಿಭಾಗಕ್ಕೆ ಜಿಪ್ ಬಂದರೆ ಅನುಮಾನ ಪಡಬೇಕು. ಎಲ್ಲರಿಗೂ ಒಂದೇ ಕಟ್ಟಳೆ ಹೇರುವ ಫಿಲ್ಟರ್ ಇಲ್ಲಿ ಆಗದು. ವಿಭಾಗಕ್ಕೆ ತಕ್ಕಂತೆ ಬಿಗಿ ಸಡಿಲ ಮಾಡಲು ಬರಬೇಕು.

ಕನ್ನಡದ ಪತ್ರಗಳ ಪಾಡು ಇನ್ನೂ ಸೂಕ್ಷ್ಮ, ಯಾವ ಕೊಟೇಶನ್ನಿನಲ್ಲೂ ಅದರ ಪ್ರಸ್ತಾಪ ನಾನು ಕಂಡಿಲ್ಲ. ಯೂನಿಕೋಡ್ ಕನ್ನಡದ ಒಂದೊಂದು ಅಕ್ಷರಚಿಹ್ನೆ ಯುಟಿಎಫ್-8 ಸಂಕೇತದಲ್ಲಿ ಮೂರು ಬೈಟ್ ಹಿಡಿಯುತ್ತದೆ, ಮೇಲ್‌ನಲ್ಲಿ ಸಾಗುವಾಗ ಸಾಮಾನ್ಯವಾಗಿ ಬೇಸ್64 ಎಂಬ ಹೊದಿಕೆಯೊಳಗೆ ಹೋಗುತ್ತದೆ. ಇಂಗ್ಲಿಷ್ ಸ್ಪ್ಯಾಮರುಗಳು ಮಾತು ಮರೆಮಾಚಲು ಇದೇ ಹೊದಿಕೆ ಬಳಸಿದ್ದರಿಂದ, ಪಠ್ಯವನ್ನು ಹೀಗೆ ಹೊದಿಸಿದ್ದನ್ನೇ ಅನುಮಾನದ ಗುರುತಾಗಿ ಎಣಿಸುವ ನಿಯಮ ಸ್ಪ್ಯಾಮ್‌ಅಸಾಸಿನ್‌ನಂಥ ಹೆಸರಾಂತ ಫಿಲ್ಟರಿನಲ್ಲೂ ಇದೆ. ಇನ್ನು ನಮ್ಮ ವಿಭಕ್ತಿ ಪ್ರತ್ಯಯಗಳು: ವಿದ್ಯಾರ್ಥಿವೇತನ, ವಿದ್ಯಾರ್ಥಿವೇತನಕ್ಕೆ, ವಿದ್ಯಾರ್ಥಿವೇತನದಲ್ಲಿ. ಪದ ಎಣಿಸುವ ಯಂತ್ರಕ್ಕೆ ಇವು ಸಂಬಂಧವಿಲ್ಲದ ಮೂರು ಪದಗಳು, ಒಂದರಿಂದ ಕಲಿತದ್ದು ಇನ್ನೊಂದಕ್ಕೆ ದಕ್ಕುವುದಿಲ್ಲ. ಪದದ ಬದಲು ಮೂರು ನಾಲ್ಕು ಅಕ್ಷರಗಳ ತುಣುಕುಗಳನ್ನು ಎಣಿಸುವ ಫಿಲ್ಟರಿಗೆ ಈ ತೊಡಕು ಕಡಿಮೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಸುತ್ತೋಲೆಯನ್ನು ಮೇಲ್‌ನೊಳಗೆ ಹಾಗೇ ಅಂಟಿಸಿದರಂತೂ ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು.

ಹಾಗಾದರೆ ಮೇಲ್ ಸೋಸಲೆಂದೇ ಮಾರುವ ಫಿಲ್ಟರ್ ಯಂತ್ರದ ಪೆಟ್ಟಿಗೆಯನ್ನು ಕೊಳ್ಳಬೇಕೇ? ಕಾಲೇಜಿನ ಮೇಲ್ ಗೂಗಲ್ ಅಥವಾ ಮೈಕ್ರೋಸಾಫ್ಟ್ ಸೇವೆಯಲ್ಲಿದ್ದರೆ ಫಿಲ್ಟರ್ ಅದರೊಳಗೇ ಇದೆ, ಇನ್ನೊಂದು ಬೇಡ ಎಂದೇ ನನ್ನ ಅಭಿಪ್ರಾಯ. ಅದರ ಮುಂದೆ ಪೆಟ್ಟಿಗೆ ಕೂರಿಸಿ ಹೊಂದಿಸುವುದನ್ನು ಮರೆತರೆ, ಬರುವ ಪತ್ರವೆಲ್ಲ ಪೆಟ್ಟಿಗೆಯಿಂದಲೇ ಹೊರಟಂತೆ ಕಂಡು ಎಸ್‌ಪಿಎಫ್ ಪರೀಕ್ಷೆ ದಾರಿ ತಪ್ಪುತ್ತದೆ. ಕ್ಯಾಂಪಸ್ಸಿನಲ್ಲೇ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವರಿಗೆ ಪೆಟ್ಟಿಗೆಯ ಪ್ರಶ್ನೆ ನಿಜವಾಗಿ ಬರುತ್ತದೆ. ರಾತ್ರಿ ಕರೆಂಟು ಹೋದರೆ ಪತ್ರ ಕಳೆದುಹೋದೀತೆಂಬ ಭಯ ಬೇಡ, ಕಳಿಸುವ ಸರ್ವರು ನಾಲ್ಕೈದು ದಿನವಾದರೂ ಮತ್ತೆ ಮತ್ತೆ ಪ್ರಯತ್ನಿಸಬೇಕೆಂದು ಎಸ್‌ಎಂಟಿಪಿ ನಿಯಮವೇ ಹೇಳುತ್ತದೆ. ಭಯಪಡಬೇಕಾದ ವಿಷಯ ಬೇರೆ ಇದೆ. 2023ರ ಮೇ ತಿಂಗಳಲ್ಲಿ ಬರಾಕುಡಾ ಕಂಪನಿಯ ಇಮೇಲ್ ಗೇಟ್‌ವೇ ಪೆಟ್ಟಿಗೆಗಳಲ್ಲಿ ಒಂದು ದೋಷ ಬಯಲಾಯಿತು. ಲಗತ್ತಿಸಿದ ಟಾರ್ ಕಡತದೊಳಗಿನ ಫೈಲ್ ಹೆಸರಿನಲ್ಲೇ ಆದೇಶ ಅಡಗಿಸಿಟ್ಟರೆ, ತಪಾಸಣೆಗೆಂದು ಬಿಚ್ಚಿದ ಪೆಟ್ಟಿಗೆ ಆ ಆದೇಶವನ್ನು ತಾನೇ ಪಾಲಿಸಿಬಿಡುತ್ತಿತ್ತು. 2022ರ ಅಕ್ಟೋಬರಿನಿಂದಲೇ ದಾಳಿಕೋರರು ಅದನ್ನು ಬಳಸುತ್ತಿದ್ದರು. ಜೂನ್‌ನಲ್ಲಿ ಕಂಪನಿ, ತಿದ್ದುಪಡಿ ಹಾಕಿದ್ದರೂ ಸರಿ, ದಾಳಿಗೊಳಗಾದ ಪೆಟ್ಟಿಗೆಯನ್ನೇ ಬದಲಿಸಿ ಎಂದಿತು. ಅಂದಮೇಲೆ ಬೆಲೆಯ ಜೊತೆಗೆ, ಇಂಥ ದಿನ ಬಂದರೆ ಬದಲಿ ಪೆಟ್ಟಿಗೆ ಯಾವಾಗ, ಯಾರ ಖರ್ಚಿನಲ್ಲಿ ಎಂಬುದೂ ಕರಾರಿನಲ್ಲಿ ಇರಬೇಕು.

ಸರ್ಕಾರಿ ಕಾಲೇಜಿನ ಖರೀದಿ ಸಾರ್ವಜನಿಕ ಸಂಗ್ರಹಣೆಯ ಬಗೆಗಿನ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯಡಿ ನಡೆಯುತ್ತದೆ. ಟೆಂಡರಿನ ಷರತ್ತು ಪೂರೈಸಿದವರಲ್ಲಿ ಕಡಿಮೆ ದರ ಹೇಳಿದವರಿಗೆ ಕೆಲಸ. ಆದ್ದರಿಂದ ಆಯ್ಕೆ ನಡೆಯುವುದು ಷರತ್ತು ಬರೆಯುವ ದಿನವೇ. ಆ ಷರತ್ತುಗಳಲ್ಲಿ ಕಾಲೇಜಿನ ಸ್ವಂತ ಅಂಚೆಯ ಮೇಲೆ ಪ್ರಯೋಗ ನಡೆಸಬೇಕೆಂಬುದು ಮೊದಲು ಬರಲಿ. ಪ್ರವೇಶ ಮತ್ತು ವಿದ್ಯಾರ್ಥಿವೇತನದ ಭರಾಟೆಯ ತಿಂಗಳು ಅದಕ್ಕೆ ಸರಿಯಾದ ಕಾಲ. ಪ್ರಯೋಗದಲ್ಲಿ ಫಿಲ್ಟರ್ ಏನನ್ನೂ ತಡೆಯದೆ ಗುರುತು ಮಾತ್ರ ಹಾಕಲಿ. ಆಫೀಸಿನವರು, ಅಧ್ಯಾಪಕರು, ವಿದ್ಯಾರ್ಥಿಗಳು ತಪ್ಪು ಗುರುತು ಬಿದ್ದ ಒಳ್ಳೆಯ ಪತ್ರಗಳನ್ನು ಆರಿಸಿಕೊಡಲಿ. ಕನ್ನಡದ ಪತ್ರಗಳ ಲೆಕ್ಕ ಬೇರೆಯೇ ಇಡಬೇಕು. ಅಪರಿಚಿತ ಸರ್ವರಿನ ಮೊದಲ ಪತ್ರವನ್ನು ಕೆಲ ನಿಮಿಷ ಕಾಯಿಸುವ ಗ್ರೇಲಿಸ್ಟಿಂಗ್ ಎಂಬ ಉಪಾಯ 2003ರಿಂದ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಮೇಲ್‌ಗೆ ಬರುವ ಒಟಿಪಿ ಅಷ್ಟರಲ್ಲಿ ಸತ್ತಿರಬಹುದು, ಪ್ರಯೋಗದಲ್ಲಿ ಅದನ್ನೂ ಗಮನಿಸಬೇಕು. ತಡೆದ ಪತ್ರಗಳ ಪಟ್ಟಿ ದಿನಕ್ಕೊಮ್ಮೆ ಆಯಾ ವಿದ್ಯಾರ್ಥಿಗೆ ಹೋಗಬೇಕು, ಕನ್ನಡದಲ್ಲಿ ಹೋದರೆ ಇನ್ನೂ ಒಳ್ಳೆಯದು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ 180 ದಿನಗಳ ದಾಖಲೆ ಉಳಿಸಿಕೊಳ್ಳುವ ಜಾಗವೂ ಫಿಲ್ಟರಿಗೆ ಇರಬೇಕು.

ಹೊರಹೋಗುವ ಅಂಚೆಯನ್ನೂ ಸೋಸುವಂಥದ್ದೇ ಬೇಕು. ಒಬ್ಬ ವಿದ್ಯಾರ್ಥಿಯ ಪಾಸ್‌ವರ್ಡ್ ಕದ್ದು ರಾತ್ರೋರಾತ್ರಿ ಸಾವಿರಾರು ಸ್ಪ್ಯಾಮ್ ಹೊರಟರೆ ಬೆಳಿಗ್ಗೆ ಹೊತ್ತಿಗೆ ಇಡೀ ಕಾಲೇಜಿನ ಸರ್ವರ್ ಕುಖ್ಯಾತರ ಪಟ್ಟಿಗೆ ಬಿದ್ದಿರುತ್ತದೆ, ಪ್ರಾಂಶುಪಾಲರ ಪತ್ರವೂ ಎಲ್ಲಿಗೂ ತಲುಪದು. ಕಾಲೇಜಿನ ಹೆಸರನ್ನು ಬೇರೆಯವರು ಬಳಸದಂತೆ ತಡೆಯಲು ಡಿಮಾರ್ಕ್ ಎಂಬ ಘೋಷಣೆ ಇದೆ: ನಮ್ಮ ಹೆಸರಿನ ನಕಲಿ ಪತ್ರ ಬಂದರೆ ತಿರಸ್ಕರಿಸಿ ಎಂದು ಲೋಕಕ್ಕೆ ತಿಳಿಸುವುದು. ಮೊದಲ ದಿನವೇ ತಿರಸ್ಕಾರಕ್ಕೆ ಹಾಕಬಾರದು. ಕೆಲವು ವಾರ ಬರೀ ವರದಿ ತರಿಸಿಕೊಂಡರೆ ಕಾಲೇಜಿನ ಹೆಸರಿನಲ್ಲಿ ಮೇಲ್ ಕಳಿಸುವವರೆಲ್ಲ ಅದರಲ್ಲಿ ಸಿಗುತ್ತಾರೆ: ಶುಲ್ಕ ಕಟ್ಟಿಸಿಕೊಳ್ಳುವ ಜಾಲತಾಣ, ಲೈಬ್ರರಿಯ ತಂತ್ರಾಂಶ, ಹಳೆಯ ವಿದ್ಯಾರ್ಥಿಗಳ ಸಂಘದ ಪತ್ರಿಕೆ. ಇವರನ್ನೆಲ್ಲ ಅನುಮತಿ ಪಟ್ಟಿಗೆ ಸೇರಿಸಿದ ಮೇಲೆ ತಿರಸ್ಕಾರಕ್ಕೆ ಬದಲಿಸಬಹುದು. ಅವಸರ ಮಾಡಿದರೆ ಮೊದಲು ನಿಲ್ಲುವುದು ಶುಲ್ಕದ ರಸೀದಿಯೇ.